38 ದಿನ ಉಪವಾಸ ಕೂತ ಹೆಬ್ಬಾವು ಮರಿ: ಒಂದು ಪ್ರಕರಣ ಅಧ್ಯಯನ

ಮರಿಯ ಹೆಸರು ಉಂಡೆ. ಇಟ್ಟವಳು ನನ್ನ ತಂಗಿ. ಬಾಲ್ ಪೈಥಾನ್ ಜಾತಿಯ ಹೆಬ್ಬಾವು ಹೆದರಿದರೆ ಸಾಮಾನ್ಯವಾಗಿ ಕಚ್ಚಲು ಬರುವುದಿಲ್ಲ, ತಲೆಯನ್ನು ಒಳಗೆ ಹುದುಗಿಸಿಕೊಂಡು ಮೈಯನ್ನೆಲ್ಲ ಗುಂಡಗೆ ಸುತ್ತಿಕೊಂಡುಬಿಡುತ್ತದೆ, ಅದಕ್ಕೇ ಆ ಹೆಸರು. ಆಮೇಲೆ ಅದೇ ಹೆಸರು ನಮ್ಮನ್ನು ಅಣಕಿಸುವ ಹಾಗಾಯಿತು. ಉಂಡೆ ಅಂತ ಹೆಸರಿಟ್ಟುಕೊಂಡು 38 ದಿನ ಒಂದು ತುತ್ತೂ ಉಣ್ಣಲಿಲ್ಲ.

ಮೊದಲ ದಿನದಿಂದಲೇ ಒಂದು ನೋಟ್‌ಬುಕ್ ಇಟ್ಟಿದ್ದೆ. ತೂಕ, ಶಾಖ, ಊಟ ಕೊಟ್ಟ ಸಮಯ, ಎಲ್ಲ ಬರೆಯುತ್ತಿದ್ದೆ. ಈಗ ತಿರುವಿ ನೋಡಿದರೆ ಅದರಲ್ಲಿ ಹಾವಿನ ವಿಷಯಕ್ಕಿಂತ ನನ್ನ ಕೈಯ ವಿಷಯವೇ ಜಾಸ್ತಿ ಇದೆ. ಎತ್ತಿದೆ, ತೆರೆದೆ, ತೋರಿಸಿದೆ, ಮತ್ತೆ ತೆರೆದೆ. ಆ ನೋಟ್‌ಬುಕ್ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಬಂದ ದಿನ

ಮರಿ ಬಂದಾಗ ಸುಮಾರು ಹತ್ತು ವಾರದ್ದು. ತೂಕ 104 ಗ್ರಾಂ, ಉದ್ದ ಸುಮಾರು 45 ಸೆಂ.ಮೀ., ದಪ್ಪ ನನ್ನ ಹೆಬ್ಬೆರಳಷ್ಟು. ಕಾಡಿನಿಂದ ಹಿಡಿದದ್ದಲ್ಲ, ಸಾಕಿದ ತಾಯಿಹಾವಿನ ಮೊಟ್ಟೆಯಿಂದ ಬಂದದ್ದು. ಕಾಗದಪತ್ರ ಸರಿ ಇದ್ದವು. ಈ ಜಾತಿ, ಕಾಡುಪ್ರಾಣಿ ಮತ್ತು ಗಿಡಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ, ದೇಶದಿಂದ ದೇಶಕ್ಕೆ ಹೋಗಬೇಕಾದರೆ ಪರವಾನಗಿ ಬೇಕು. ಕಾಗದದ ಮಾತು ಇಲ್ಲಿ ಯಾಕೆ ಅಂದರೆ, ಕಾಡಿನಿಂದ ಹಿಡಿದ ಹಾವಿನ ಜೊತೆಗೆ ಹೊಟ್ಟೆಯ ಹುಳು, ರಕ್ತ ಹೀರುವ ಉಣ್ಣೆ, ಗಾಬರಿ ಎಲ್ಲ ಬರುತ್ತವೆ, ಊಟ ಬಿಟ್ಟು ಕೂರುವುದೂ ಅವುಗಳಲ್ಲೇ ಜಾಸ್ತಿ. ಉಂಡೆಯ ವಿಷಯದಲ್ಲಿ ಆ ಕಾರಣವನ್ನು ಆರಂಭದಲ್ಲೇ ಬದಿಗಿಡಬಹುದಿತ್ತು.

ತಂಗಿ ಕೇಳಿದ ಮೊದಲ ಪ್ರಶ್ನೆ, "ಅಣ್ಣ, ಇದು ಎಷ್ಟು ವರ್ಷ ಬದುಕುತ್ತೆ?"

"ಚೆನ್ನಾಗಿ ನೋಡಿಕೊಂಡರೆ 20, 30 ವರ್ಷ." ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದ ಕಥೆಯನ್ನೂ ಹೇಳಿದೆ. ಅಲ್ಲಿಗೆ 1961ರಲ್ಲಿ ಬಂದ ಒಂದು ಹೆಣ್ಣು ಬಾಲ್ ಪೈಥಾನ್ 2020ರಲ್ಲಿ ಮೊಟ್ಟೆ ಇಟ್ಟಿತು, ಆಗ ಅದಕ್ಕೆ 60 ದಾಟಿತ್ತು, ಅದೂ ಹದಿನೈದು ವರ್ಷಕ್ಕಿಂತ ಹೆಚ್ಚು ಕಾಲ ಗಂಡು ಹಾವಿನ ಜೊತೆ ಇಲ್ಲದೆ.

ತಂಗಿ ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಹಾಗಾದ್ರೆ ನಿನಗೆ ಮಂಡಿನೋವು ಶುರುವಾದ ಮೇಲೂ ಇದಕ್ಕೆ ಇಲಿ ಬೇಕು" ಅಂದಳು.

ಗಾಜಿನ ಪೆಟ್ಟಿಗೆ 90 ಸೆಂ.ಮೀ. ಉದ್ದ, 45 ಅಗಲ, 45 ಎತ್ತರ. ಮೇಲೆ ಪೂರ್ತಿ ಜಾಲರಿ ಮುಚ್ಚಳ. ಒಂದು ಮೂಲೆಯ ಮೇಲೆ ಶಾಖದ ಬಲ್ಬ್, ಬೆಳಿಗ್ಗೆಯಿಂದ ರಾತ್ರಿಯವರೆಗೆ 14 ಗಂಟೆ ಉರಿಯುತ್ತಿತ್ತು, ಮಲಗುವಾಗ ಆರಿಸುತ್ತಿದ್ದೆ. ಒಳಗೆ ಒಂದು ನೀರಿನ ಬಟ್ಟಲು, ಎರಡೂ ಕಡೆ ತೆರೆದಿರುವ ಅರ್ಧ ಮರದ ದಿಮ್ಮಿ ಒಂದು, ನೆಲಕ್ಕೆ ತೆಂಗಿನ ಸಿಪ್ಪೆಯ ಚೂರು. ಹಿಂದಿನ ಗಾಜಿಗೆ, ಮೇಲ್ಗಡೆ, ನನ್ನ ಕಣ್ಣಿಗೆ ಸುಲಭವಾಗಿ ಕಾಣುವ ಎತ್ತರದಲ್ಲಿ ಒಂದು ಗುಂಡು ಮುಳ್ಳಿನ ಮೀಟರ್ ಅಂಟಿಸಿದ್ದೆ. ಅದು ಯಾವಾಗಲೂ 32 ಡಿಗ್ರಿ ತೋರಿಸುತ್ತಿತ್ತು. ಓದಿದ್ದೂ 32 ಅಂತಲೇ. ನಾನು ಖುಷಿ.

ಆ ಮೀಟರ್ ನೆನಪಿಟ್ಟುಕೊಳ್ಳಿ.

ನಾನು ಮಾಡಿದ್ದು

ಮೂರನೇ ದಿನ ಮೊದಲ ಊಟ ಕೊಟ್ಟೆ. ಹೊಸ ಜಾಗಕ್ಕೆ ಬಂದ ಹಾವನ್ನು ಕನಿಷ್ಠ ಐದಾರು ದಿನ ಅದರ ಪಾಡಿಗೆ ಬಿಡಬೇಕು ಅಂತ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆ, ಯಾಕೆಂದರೆ ಅವತ್ತು ಭಾನುವಾರ, ಎಲ್ಲರೂ ಮನೆಯಲ್ಲಿದ್ದರು, ನೋಡಬೇಕು ಅಂತ ಎಲ್ಲರಿಗೂ ಆಸೆ. ಫ್ರೀಜರ್‌ನಲ್ಲಿಟ್ಟ ರ‍್ಯಾಟ್ ಜಾತಿಯ ದೊಡ್ಡ ಇಲಿಯ ಮರಿ, ತೂಕ 22 ಗ್ರಾಂ. ಕರಗಿಸಿ ಇಕ್ಕಳದಲ್ಲಿ ಹಿಡಿದು ಮೂತಿಯ ಮುಂದೆ ಆಡಿಸಿದೆ. ಹಿಂದೆ ನಾಲ್ಕು ಜನ ನಿಂತು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಉಂಡೆ ಉಂಡೆಯಾಯಿತು. ಅಷ್ಟೇ.

ಐದನೇ ದಿನ ಮತ್ತೆ ಕೊಟ್ಟೆ. ಎಂಟನೇ ದಿನ, ಹನ್ನೊಂದನೇ ದಿನ. ಪ್ರತಿ ಸಲ ಅದೇ 22 ಗ್ರಾಂ ಲೆಕ್ಕ. ಇಷ್ಟು ಚಿಕ್ಕ ಮರಿಗೆ ಅದರ ತೂಕದ ನೂರಕ್ಕೆ 10ರಿಂದ 15 ಭಾಗದಷ್ಟು ಇಲಿ ಸಾಕು, ಅಂದರೆ 10ರಿಂದ 15 ಗ್ರಾಂ. ಅಥವಾ ಕಣ್ಣಳತೆಯಲ್ಲಿ, ಹಾವಿನ ಮೈಯ ಅತಿ ದಪ್ಪ ಜಾಗಕ್ಕಿಂತ ಇಲಿ ದಪ್ಪ ಇರಬಾರದು. ನಾನು ಕೊಡುತ್ತಿದ್ದದ್ದು ಹಾವಿನ ತೂಕದ ಐದನೇ ಒಂದು ಭಾಗಕ್ಕಿಂತ ಜಾಸ್ತಿ. "ಹಸಿದಿದೆಯಲ್ಲ, ಸ್ವಲ್ಪ ದೊಡ್ಡದೇ ಇರಲಿ" ಅನ್ನುವುದು ನನ್ನ ಲೆಕ್ಕ. ತಟ್ಟೆಗೆ ಇನ್ನೊಂದು ಸೌಟು ಬಡಿಸುವ ಬುದ್ಧಿ ಇದು, ಹಾವಿಗೆ ನಡೆಯುವುದಿಲ್ಲ.

ನಡುವೆ ದಿನಾ ಎತ್ತುತ್ತಿದ್ದೆ. ಅಭ್ಯಾಸ ಆಗಲಿ ಅಂತ. ದಿಮ್ಮಿ ಎತ್ತಿ "ಇದೆಯಾ?" ಅಂತ ನೋಡುತ್ತಿದ್ದದ್ದಂತೂ ದಿನಕ್ಕೆ ನಾಲ್ಕೈದು ಸಲ. ಮುಚ್ಚಿದ ಪೆಟ್ಟಿಗೆಯಲ್ಲಿ ಹಾವು ಇರದೆ ಎಲ್ಲಿಗೆ ಹೋಗುತ್ತದೆ, ಹೇಳಿ.

14ನೇ ದಿನ 100 ಗ್ರಾಂ. 21ನೇ ದಿನ 98. ಇಲ್ಲೊಂದು ಪಕ್ಕದ ಮಾತು. ಮೊದಲ ಎರಡು ವಾರ ತೂಕ ಹಾಕುತ್ತಿದ್ದದ್ದು ಅಡುಗೆಮನೆಯ ತಕ್ಕಡಿಯಲ್ಲಿ. ಅಮ್ಮನ ಕಣ್ಣಿಗೆ ಬಿದ್ದ ದಿನ ನನಗೆ ಆದ ಮಂಗಳಾರತಿ ಇಲ್ಲಿ ಬರೆಯುವ ಹಾಗಿಲ್ಲ. ಅಮ್ಮನದ್ದೇ ಸರಿ. ಹಾವು, ಆಮೆ, ಹಲ್ಲಿ ಇವುಗಳ ಮೈಮೇಲೆ, ಹಿಕ್ಕೆಯಲ್ಲಿ ಸಾಲ್ಮೊನೆಲ್ಲ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಹಾವಿಗೆ ಅದರಿಂದ ಏನೂ ಆಗದಿದ್ದರೂ ಮನುಷ್ಯರಿಗೆ ಹೊಟ್ಟೆ ಕೆಡುತ್ತದೆ, ಐದು ವರ್ಷದ ಒಳಗಿನ ಮಕ್ಕಳಿಗೆ, ವಯಸ್ಸಾದವರಿಗೆ ಅಪಾಯ ಇನ್ನೂ ಜಾಸ್ತಿ. ಹಾವಿಗೆ ಬೇರೆ ತಕ್ಕಡಿ, ಬೇರೆ ಪಾತ್ರೆ, ಮುಟ್ಟಿದ ಮೇಲೆ ಸೋಪು ಹಾಕಿ ಕೈತೊಳೆಯುವುದು. ಇದರಲ್ಲಿ ರಾಜಿ ಇಲ್ಲ.

19ನೇ ದಿನ ಕಣ್ಣು ಮಂಜಾಗಿ ನೀಲಿಗಟ್ಟಿತು, ಮೈಬಣ್ಣ ಮಾಸಿತು. ಪೊರೆ ಬಿಡುವ ಲಕ್ಷಣ. ಈ ಹೊತ್ತಿನಲ್ಲಿ ಬಾಲ್ ಪೈಥಾನ್‌ಗಳು ತಿನ್ನದಿರುವುದು ಮಾಮೂಲು, ಹಾಗಾಗಿ ಸ್ವಲ್ಪ ಸಮಾಧಾನವೇ ಆಯಿತು. ಓಹೋ, ಇದಕ್ಕೇ ತಿಂದಿಲ್ಲ ಅಂದುಕೊಂಡೆ. ಮೂರನೇ ದಿನದಿಂದ ತಿನ್ನದೇ ಇದ್ದದ್ದಕ್ಕೆ 19ನೇ ದಿನದ ಕಾರಣ ಹೇಗೆ ಹೊಂದುತ್ತದೆ ಅಂತ ಆಗ ಹೊಳೆಯಲಿಲ್ಲ.

27ನೇ ದಿನ ಪೊರೆ ಬಂತು. ಚೂರು ಚೂರಾಗಿ. ಚೆನ್ನಾಗಿರುವ ಹಾವು ಮೂತಿಯಿಂದ ಬಾಲದ ತುದಿಯವರೆಗೆ ಒಂದೇ ಕಾಲುಚೀಲ ತಿರುವಿ ಬಿಚ್ಚಿದ ಹಾಗೆ ಪೊರೆ ಬಿಡುತ್ತದೆ. ನನಗೆ ಸಿಕ್ಕಿದ್ದು ಹನ್ನೊಂದು ತುಂಡು. ತಲೆಯ ತುಂಡನ್ನು ಹುಡುಕಿ, ನೀರಲ್ಲಿ ನೆನೆಸಿ, ಬಿಳಿ ಕಾಗದದ ಮೇಲೆ ಹರಡಿ ಬೆಳಕಿಗೆ ಹಿಡಿದೆ. ಹಾವಿಗೆ ರೆಪ್ಪೆ ಇಲ್ಲ, ಕಣ್ಣಿನ ಮೇಲೆ ಗಾಜಿನಂಥ ಒಂದು ಹುರುಪೆ ಇರುತ್ತದೆ, ಅದೂ ಪೊರೆಯ ಜೊತೆ ಬರಬೇಕು. ಎಡಗಡೆ ಸಾಸಿವೆಕಾಳಿನ ಗಾತ್ರದ ಪುಟ್ಟ ಬಟ್ಟಲು ಸರಿಯಾಗಿ ಕಂಡಿತು. ಬಲಗಡೆ ಬರೀ ತೂತು. ಅಂದರೆ ಬಲಗಣ್ಣಿನ ಹಳೇ ಮುಚ್ಚಳ ಇನ್ನೂ ಕಣ್ಣಿನ ಮೇಲೇ ಇದೆ. ಹಾವನ್ನು ನೋಡಿದರೆ ಎಡಗಣ್ಣು ಹೊಳೆಯುತ್ತಿತ್ತು, ಬಲಗಣ್ಣು ಸುಕ್ಕುಗಟ್ಟಿದ ಪ್ಲಾಸ್ಟಿಕ್ ಅಂಟಿಸಿದ ಹಾಗೆ ಇತ್ತು.

ಉಗುರಲ್ಲಿ ಕೀಳೋಣ ಅನ್ನಿಸಿತು. ಕೀಳಲಿಲ್ಲ. ಆ ಮೊದಲ ತಿಂಗಳಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು. ಎಳೆದರೆ ಕಣ್ಣಿಗೇ ಗಾಯ ಆಗಬಹುದು.

ಡಾಕ್ಟರ್ ಕೇಳಿದ ಒಂದು ಪ್ರಶ್ನೆ

29ನೇ ದಿನ 95 ಗ್ರಾಂ. ಹಾವುಗಳನ್ನು ನೋಡುವ ಪಶುವೈದ್ಯರ ಹತ್ತಿರ ಹೋದೆ. ಬಟ್ಟೆಚೀಲದಲ್ಲಿ ಹಾವು, ಕೈಯಲ್ಲಿ ನೋಟ್‌ಬುಕ್, ಫೋನಲ್ಲಿ ಪೆಟ್ಟಿಗೆಯ ಫೋಟೋಗಳು.

ಅವರು ಮೊದಲು ಬಾಯಿ ತೆರೆಸಿ ನೋಡಿದರು. ಒಸಡು ಗುಲಾಬಿ, ಲೋಳೆ ಇಲ್ಲ, ಕೀವಿಲ್ಲ. ಉಸಿರಾಟದಲ್ಲಿ ಸಿಳ್ಳೆಯ ಸದ್ದಿಲ್ಲ, ಮೂಗಿನಲ್ಲಿ ಗುಳ್ಳೆ ಇಲ್ಲ. ಗಂಟಲಿನ ಕೆಳಗಿನ ಹುರುಪೆಗಳ ಸಂದಿಯಲ್ಲಿ ಉಣ್ಣೆ ಹುಡುಕಿದರು, ಇರಲಿಲ್ಲ. ಬೆನ್ನುಮೂಳೆಯ ಮೇಲೆ ಬೆರಳಾಡಿಸಿದರು, ಮೂಳೆ ಎದ್ದು ಕಾಣುವಷ್ಟು ಬಡಕಲಾಗಿರಲಿಲ್ಲ.

ಆಮೇಲೆ ಫೋಟೋ ನೋಡಿದರು. ಗುಂಡು ಮೀಟರನ್ನು ಬೆರಳಲ್ಲಿ ದೊಡ್ಡದು ಮಾಡಿ, "ಹಾವು ಇಲ್ಲಿ ಮಲಗುತ್ತಾ?" ಅಂತ ಕೇಳಿದರು.

"ಇಲ್ಲ ಡಾಕ್ಟ್ರೇ, ಕೆಳಗೆ, ದಿಮ್ಮಿ ಒಳಗೆ."

"ಅಲ್ಲಿ ಎಷ್ಟು ಡಿಗ್ರಿ ಇದೆ?"

ಉತ್ತರ ಇರಲಿಲ್ಲ. 29 ದಿನದ ನೋಟ್‌ಬುಕ್ ಕೈಯಲ್ಲಿದೆ, ಪುಟಪುಟದಲ್ಲೂ 32, 32, 32 ಅಂತ ಬರೆದಿದೆ. ಒಂದು ದಿನವೂ ಹಾವು ಇದ್ದ ಜಾಗದ ಶಾಖ ಅಳೆದಿಲ್ಲ.

"ಮೊದಲು ಅಳತೆ ಮಾಡಿ, ಆಮೇಲೆ ಮಾತಾಡೋಣ. ತಂದಾಗಿನ ತೂಕಕ್ಕಿಂತ ನೂರಕ್ಕೆ 10ರಷ್ಟು ಕಮ್ಮಿ ಆದರೆ ತಕ್ಷಣ ಫೋನ್ ಮಾಡಿ" ಅಂದರು. ಬಾಯಿಗೆ ಒತ್ತಿ ತುರುಕಿ ತಿನ್ನಿಸಬಹುದಾ ಅಂತ ಕೇಳಿದೆ. "ನೀವು ಮಾಡಬೇಡಿ" ಅಂದರು. ಜೀವಂತ ಇಲಿ ಬಿಟ್ಟು ನೋಡಲಾ ಅಂದೆ. ಅದಕ್ಕೂ ಬೇಡ. ಹಸಿವಿಲ್ಲದ ಹಾವಿನ ಜೊತೆ ಇಲಿಯನ್ನು ಕೂಡಿಹಾಕಿದರೆ ಕಚ್ಚುವುದು ಇಲಿ. ಬೆನ್ನಿನ ಮಾಂಸ ಕಿತ್ತುಹೋದ ಹಾವುಗಳು ಅವರ ಹತ್ತಿರ ಬರುತ್ತವಂತೆ. ಕಣ್ಣಿನ ಮುಚ್ಚಳಕ್ಕೆ ಔಷಧಿ ಕೊಡಲಿಲ್ಲ, ಗಾಳಿಯ ತೇವ ಸರಿಯಾದರೆ ಮುಂದಿನ ಪೊರೆಯಲ್ಲಿ ಬರುತ್ತದೆ, ಬರದಿದ್ದರೆ ತನ್ನಿ ಅಂದರು.

ಮನೆಗೆ ಬಂದು ಅಳೆದದ್ದು

ಪಿಸ್ತೂಲಿನ ಥರ ಗುರಿ ಇಟ್ಟು ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ತಂದೆ. ಮೊದಲು ಗಾಜಿನ ಹೊರಗಿಂದಲೇ ಗುರಿ ಇಟ್ಟು ಅಳೆದೆ, ಎಲ್ಲ ಕಡೆ ಒಂದೇ ಅಂಕಿ. ಅದು ಗಾಜಿನದ್ದೇ ಶಾಖ, ಈ ಯಂತ್ರಕ್ಕೆ ಗಾಜಿನ ಆಚೆ ಕಾಣುವುದಿಲ್ಲ. ಮುಚ್ಚಳ ತೆಗೆದು ಮತ್ತೆ ಅಳೆದೆ.

ಗುಂಡು ಮೀಟರ್ ಇದ್ದ ಎತ್ತರದ ಗಾಜು 32. ಬಲ್ಬಿನ ನೇರ ಕೆಳಗಿನ ನೆಲ 28. ದಿಮ್ಮಿಯ ಒಳಗೆ, ಉಂಡೆ ದಿನವಿಡೀ ಮಲಗುತ್ತಿದ್ದ ಜಾಗದಲ್ಲಿ, 25. ರಾತ್ರಿ ಎದ್ದು ಎರಡು ಗಂಟೆಗೆ ಅಳೆದಾಗ ಪೆಟ್ಟಿಗೆಯ ಉದ್ದಕ್ಕೂ 21. ಸಲಾಕೆ ಇರುವ ಡಿಜಿಟಲ್ ಮೀಟರನ್ನು ನೆಲಮಟ್ಟದಲ್ಲಿಟ್ಟು ನೋಡಿದರೆ ಗಾಳಿಯ ತೇವಾಂಶ ನೂರಕ್ಕೆ 38. ಬೇಕಾಗಿದ್ದದ್ದು 55ರಿಂದ 65, ಪೊರೆ ಬಿಡುವಾಗ ಇನ್ನೂ ಸ್ವಲ್ಪ ಜಾಸ್ತಿ. ಮೇಲಿನ ಬಲ್ಬ್ ಗಾಳಿಯನ್ನು ಒಣಗಿಸುತ್ತಿತ್ತು, ಜಾಲರಿ ಉಳಿದಿದ್ದನ್ನು ಹೊರಗೆ ಬಿಡುತ್ತಿತ್ತು. ಹನ್ನೊಂದು ತುಂಡು ಪೊರೆಗೆ ಬೇರೆ ಕಾರಣ ಹುಡುಕಬೇಕಿಲ್ಲ.

ಹಾವಿನ ಮೈ ತಾನಾಗಿ ಬಿಸಿಯಾಗುವುದಿಲ್ಲ, ಹೊರಗಿನ ಶಾಖವೇ ಅದರ ಒಲೆ. ತಣ್ಣಗಿದ್ದರೆ ಜೀರ್ಣ ಆಗುವುದಿಲ್ಲ. ಒಳಗೆ ಹೋದ ಇಲಿ ಅಲ್ಲೇ ಕೊಳೆಯಲು ಶುರುವಾದರೆ ಹಾವು ಅದನ್ನು ಕಕ್ಕುತ್ತದೆ, ಹಾಗೆ ಕಕ್ಕಿದ ಮರಿ ಚೇತರಿಸಿಕೊಳ್ಳಲು ವಾರಗಳೇ ಬೇಕು, ಮುಂದಿನ ಊಟಕ್ಕೆ ಹತ್ತು ಹದಿನೈದು ದಿನ ಕಾಯಬೇಕು. 25 ಡಿಗ್ರಿಯಲ್ಲಿ ಕೂತು ಉಂಡೆ ಬಾಯಿ ತೆರೆಯದೇ ಇದ್ದದ್ದು ಹಠ ಅಲ್ಲ. ಅದರ ಮಟ್ಟಿಗೆ ಸರಿಯಾದ ಲೆಕ್ಕ.

30ನೇ ದಿನ ಎಲ್ಲ ಬದಲಾಯಿಸಿದೆ. ಬಲ್ಬ್ ತೆಗೆದೆ. ಒಂದು ಕಡೆಯ ಮೂರನೇ ಒಂದು ಭಾಗದ ಕೆಳಗೆ ಕರೆಂಟಿನಿಂದ ಬಿಸಿಯಾಗುವ ಹೀಟ್ ಮ್ಯಾಟ್, ಅದಕ್ಕೆ ಬೇಕಾದಷ್ಟು ಶಾಖ ಬಂದ ತಕ್ಷಣ ತಾನೇ ಆರಿಸುವ ಥರ್ಮೋಸ್ಟಾಟ್, ಥರ್ಮೋಸ್ಟಾಟಿನ ಸಲಾಕೆ ಗೂಡಿನ ಒಳಗೆ ಹಾವು ಮಲಗುವ ನೆಲದ ಮೇಲೇ. 32ಕ್ಕೆ ನಿಲ್ಲಿಸಿದೆ. ಥರ್ಮೋಸ್ಟಾಟ್ ಇಲ್ಲದ ಮ್ಯಾಟ್ ಮಾತ್ರ ಯಾರೂ ಹಾಕಬೇಡಿ, ಗಾಜು 45 ದಾಟಿ ಕಾಯಬಹುದು, ಹಾವು ಅಲ್ಲೇ ಮಲಗಿದ್ದು ಹೊಟ್ಟೆ ಸುಟ್ಟುಕೊಂಡ ಉದಾಹರಣೆಗಳು ಬೇಕಾದಷ್ಟಿವೆ. ರಾತ್ರಿಯ ಗಾಳಿಗೆ ಬೆಳಕು ಬರದ ಸೆರಾಮಿಕ್ ಹೀಟರ್, ಅದಕ್ಕೆ ಇನ್ನೊಂದು ಥರ್ಮೋಸ್ಟಾಟ್, ಹಾವು ಸುತ್ತಿಕೊಳ್ಳದ ಹಾಗೆ ಸುತ್ತ ತಂತಿಬುಟ್ಟಿ. ತಣ್ಣಗಿನ ಕಡೆ 25, 26ರಲ್ಲಿ ನಿಂತಿತು. ಜಾಲರಿಯ ಮುಕ್ಕಾಲು ಭಾಗ ಫಾಯಿಲ್ ಹಾಕಿ ಮುಚ್ಚಿದೆ.

ಗೂಡಿನ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಈ ಹಾವಿನ ಮೂಲ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹುಲ್ಲುಗಾವಲು. ಹಗಲು ಹೊತ್ತು ಇಲಿಯ ಬಿಲದಲ್ಲೋ ಗೆದ್ದಲು ಹುತ್ತದಲ್ಲೋ ತೂರಿಕೊಂಡಿರುತ್ತದೆ. ಬಿಲ ಅಂದರೆ ಎಲ್ಲ ಕಡೆಯಿಂದ ಮೈಗೆ ತಾಗಬೇಕು. ನಾನು ಕೊಟ್ಟಿದ್ದ ಎರಡೂ ಕಡೆ ತೆರೆದ ದಿಮ್ಮಿ ನನ್ನ ಕಣ್ಣಿಗೆ ಚೆಂದ, ಹಾವಿಗೆ ಅದು ಬಾಗಿಲಿಲ್ಲದ ಮನೆ. ಈಗ ಒಂದೇ ಥರದ ಎರಡು ಪ್ಲಾಸ್ಟಿಕ್ ಗೂಡು ತಂದೆ, ಒಂದೇ ಬಾಯಿ, ಒಳಗೆ ಸುತ್ತಿಕೊಂಡರೆ ಬೆನ್ನು ಮೇಲ್ಛಾವಣಿಗೆ ತಾಗುವಷ್ಟು ಚಿಕ್ಕವು. ಒಂದು ಬಿಸಿ ಕಡೆ, ಒಂದು ತಣ್ಣಗಿನ ಕಡೆ. ಒಂದೇ ಗೂಡು ಇಟ್ಟರೆ ಹಾವು ಶಾಖ ಬೇಕೋ ಅಡಗಿರಬೇಕೋ ಅಂತ ಆರಿಸಬೇಕಾಗುತ್ತದೆ, ಮರಿಗಳು ಸಾಮಾನ್ಯವಾಗಿ ಅಡಗುವುದನ್ನೇ ಆರಿಸುತ್ತವೆ. ನಡುವಿನ ಬಯಲಿಗೆ ಪ್ಲಾಸ್ಟಿಕ್ ಎಲೆ, ರಟ್ಟಿನ ಕೊಳವೆ, ಮುದುಡಿದ ಕಾಗದ ತುಂಬಿಸಿದೆ. ಮೂರು ಬದಿಯ ಗಾಜಿಗೆ ಕಪ್ಪು ಕಾಗದ.

ಮರಿಗೆ ದೊಡ್ಡ ಪೆಟ್ಟಿಗೆ ಕೊಡಬಾರದು, ಗಾಬರಿಯಾಗಿ ಊಟ ಬಿಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನಗೂ ಹೇಳಿದರು, ಚಿಕ್ಕದು ತಗೋ ಅಂತ. ನಾನು ಬದಲಾಯಿಸಲಿಲ್ಲ. ನನ್ನ ಪ್ರಕಾರ ತೊಂದರೆ ದೊಡ್ಡದಾಗಿರುವುದಲ್ಲ, ಖಾಲಿ ಇರುವುದು. ಹುಲ್ಲುಗಾವಲಿಗಿಂತ ನನ್ನ ಪೆಟ್ಟಿಗೆ ದೊಡ್ಡದಾ?

ಕೊನೆಯ ಕೆಲಸ, ಮಾರಿದವರಿಗೆ ಫೋನ್. ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ: ನಿಮ್ಮಲ್ಲಿ ಇದು ಏನು ತಿನ್ನುತ್ತಿತ್ತು? ಉತ್ತರ, ಮೌಸ್ ಜಾತಿಯ ಪುಟ್ಟ ಇಲಿ, 8ರಿಂದ 10 ಗ್ರಾಂ. ನಾನು ಒಂದು ತಿಂಗಳು ಮೂತಿಗೆ ಹಿಡಿದದ್ದು ಬೇರೆ ಜಾತಿ, ಬೇರೆ ವಾಸನೆ, ಎರಡು ಪಟ್ಟು ಗಾತ್ರ.

ಮುಟ್ಟದೇ ಇದ್ದ ಏಳು ದಿನ

30ರಿಂದ 37ರವರೆಗೆ ಎತ್ತುವ ಹಾಗಿಲ್ಲ, ಗೂಡು ತೆರೆಯುವ ಹಾಗಿಲ್ಲ, ಊಟ ತೋರಿಸುವ ಹಾಗೂ ಇಲ್ಲ. ನೀರು ಬದಲಾಯಿಸುವುದು, ಮೀಟರ್ ಓದುವುದು, ಅಷ್ಟೇ. ತಂಗಿ ಪೆಟ್ಟಿಗೆಯ ಮುಂದಿನ ಗಾಜಿಗೆ ಹಳೇ ಬೆಡ್‌ಶೀಟ್ ಇಳಿಬಿಟ್ಟು ಅದರ ಮೇಲೆ ಪಿನ್ ಹಾಕಿ ಚೀಟಿ ಚುಚ್ಚಿದಳು: "ಅಣ್ಣ, ಕೈ ಹಿಂದಕ್ಕೆ." ನಗಬೇಡಿ, ಆ ಚೀಟಿ ಇಲ್ಲದಿದ್ದರೆ ಎರಡನೇ ದಿನವೇ ಸೋಲುತ್ತಿದ್ದೆ.

ಆದರೂ ಒಂದು ಎಡವಟ್ಟು ಮಾಡಿದೆ. ಕೈ ಸುಮ್ನೆ ಇರಬೇಕಲ್ಲ. ತೇವಾಂಶ 55ರಲ್ಲೇ ನಿಂತಿದೆ ಅಂತ ದಿನಕ್ಕೆ ಮೂರು ಸಲ ನೀರು ಚಿಮುಕಿಸಿದೆ, ಒಂದು ದಿನ ಒಂದು ಲೋಟ ನೀರನ್ನು ಮೇಲಿಂದಲೇ ಸುರಿದೆ. 37ನೇ ದಿನ ತೂಕಕ್ಕೆ ಎತ್ತಿದಾಗ ಹೊಟ್ಟೆಯ ಕಡೆ ಮೂರು ಹುರುಪೆಗಳ ಅಂಚು ಕೆಂಪು ಕಂದು ಬಣ್ಣಕ್ಕೆ ತಿರುಗಿತ್ತು. ಪೊರೆಗೆ ಮುಂಚೆ ಹೊಟ್ಟೆ ಪೂರ್ತಿ ನಸುಗೆಂಪಾಗುವುದು ಮಾಮೂಲು. ಇದು ಹಾಗಲ್ಲ, ಪೊರೆ ಬಿಟ್ಟು ಹತ್ತೇ ದಿನ ಆಗಿತ್ತು, ಬಣ್ಣವೂ ಮೂರೇ ಜಾಗದಲ್ಲಿ. ಒದ್ದೆ ನೆಲದ ಮೇಲೆ ಮಲಗಿ ಹುರುಪೆ ಕೊಳೆಯಲು ಶುರುವಾದ ಲಕ್ಷಣ. ಮೇಲೆ ತೂಕ 93 ಗ್ರಾಂ. ಡಾಕ್ಟರ್ ಹೇಳಿದ ಗೆರೆ ದಾಟಿತ್ತು.

ಫೋನ್ ಮಾಡಿ ಫೋಟೋ ಕಳಿಸಿದೆ. ನೆಲದ ಚೂರೆಲ್ಲ ತೆಗೆದು ಪೇಪರ್ ಟವೆಲ್ ಹಾಸಿ, ಹಚ್ಚಲು ಒಂದು ಔಷಧಿ ಬರೆಯುತ್ತೇನೆ, ನಾಳೆ ರಾತ್ರಿ ಮಾರಿದವರು ಕೊಡುತ್ತಿದ್ದ ಊಟವನ್ನೇ ಒಂದು ಸಲ ಕೊಟ್ಟು ನೋಡಿ, ತಿನ್ನದಿದ್ದರೆ ನಾಡಿದ್ದು ಕರೆದುಕೊಂಡು ಬನ್ನಿ ಅಂದರು. ತೇವ ಅಂದರೆ ಗಾಳಿಯ ತೇವ, ನೆಲ ಕೆಸರಾಗುವುದಲ್ಲ ಅಂತಲೂ ಹೇಳಿದರು. ಈಗ ನಾನು ನೀರನ್ನು ಮೂಲೆಗಳಲ್ಲಿ ಮಾತ್ರ ಇಳಿಬಿಡುತ್ತೇನೆ, ಅಡಿಯ ಪದರ ತೇವ ಹಿಡಿದಿರುತ್ತದೆ, ಮೇಲಿನದು ಒಣಗಿರುತ್ತದೆ. ಪೇಪರ್ ಟವೆಲ್ ಹಾಸಿದ್ದ ವಾರಗಳಿಗೆ ಮಾತ್ರ ತಣ್ಣಗಿನ ಕಡೆ ಮೂರನೆಯದೊಂದು ಡಬ್ಬಿ ಇಟ್ಟು, ಅದರೊಳಗೆ ಹಿಂಡಿದ ಪಾಚಿ ಹಾಕಿದ್ದೆ, ಬೇಕೆನಿಸಿದರೆ ತಾನೇ ಹೋಗಿ ಕೂರಲಿ ಅಂತ.

38ನೇ ದಿನ, ರಾತ್ರಿ ಒಂಬತ್ತು

ಹಿಂದಿನ ರಾತ್ರಿಯೇ ಇಲಿಯನ್ನು ಮುಚ್ಚಿದ ಡಬ್ಬಿಯಲ್ಲಿ ಹಾಕಿ ಹಾವಿನ ಸಾಮಾನಿಗೆಂದೇ ಇಟ್ಟ ಪುಟ್ಟ ಫ್ರಿಜ್‌ನಲ್ಲಿ ಕರಗಲು ಬಿಟ್ಟಿದ್ದೆ. 10 ಗ್ರಾಂ ಮೌಸ್. ಸಂಜೆ ಜಿಪ್ ಚೀಲಕ್ಕೆ ಹಾಕಿ ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿದೆ, ಕುದಿನೀರಲ್ಲ, ಕೈ ಇಡಬಹುದಾದ ಬಿಸಿ. ಮೈಕ್ರೋವೇವ್ ಬೇಡ, ಒಳಗೆ ಬೆಂದು ಹೊಟ್ಟೆ ಒಡೆಯುತ್ತದೆ. ಕೊನೆಗೆ ತಲೆಯ ಭಾಗವನ್ನು ಇನ್ನೊಂದು ನಿಮಿಷ ಬಿಸಿನೀರಲ್ಲಿ ಹಿಡಿದು ಒರೆಸಿದೆ. ಥರ್ಮಾಮೀಟರ್ 38 ತೋರಿಸಿತು. ಈ ಹಾವಿನ ಮೇಲ್ತುಟಿಯ ಉದ್ದಕ್ಕೂ ಶಾಖ ಗುರುತಿಸುವ ಪುಟ್ಟ ಗುಳಿಗಳಿವೆ. ಕತ್ತಲಲ್ಲಿ ಅದಕ್ಕೆ ಇಲಿ ಅಂದರೆ ಒಂದು ಬಿಸಿ ಚುಕ್ಕೆ. ತಣ್ಣಗಿನ ಇಲಿ ಹಿಡಿದರೆ ಅದರ ಮಟ್ಟಿಗೆ ಅಲ್ಲಿ ಏನೂ ಇಲ್ಲದ ಹಾಗೆ.

ರೂಮಿನ ದೀಪ ಆರಿಸಿದೆ. ಹೊರಗಿನ ಬೆಳಕು ಬಾಗಿಲ ಸಂದಿಯಿಂದ ಸ್ವಲ್ಪ ಬರುತ್ತಿತ್ತು. ಈ ಸಲ ಪ್ರೇಕ್ಷಕರಿಲ್ಲ. ಮುಚ್ಚಳ ಸರಿಸಿದಾಗ ಬಿಸಿ ಕಡೆಯ ಗೂಡಿನ ಬಾಯಲ್ಲಿ ಮೂತಿ ಮಾತ್ರ ಕಾಣುತ್ತಿತ್ತು. ಉದ್ದ ಇಕ್ಕಳದಲ್ಲಿ ಇಲಿಯ ಸೊಂಟ ಹಿಡಿದು, ಒಂದು ಗೇಣು ದೂರದಲ್ಲಿ, ನೆಲಕ್ಕೆ ತಾಗಿಸಿ ಇಟ್ಟೆ. ಆಡಿಸಲಿಲ್ಲ.

ನಾಲಿಗೆ ಹೊರಬಂತು. ಒಳಗೆ ಹೋಯಿತು. ಮತ್ತೆ ಬಂತು, ಈ ಸಲ ನಿಧಾನ, ತುದಿ ಮೇಲೆ ಕೆಳಗೆ ಆಡುತ್ತಾ. ತಲೆ ಎರಡು ಬೆರಳಷ್ಟು ಮುಂದೆ ಬಂದು ನಿಂತಿತು. ಕತ್ತು ಹಿಂದಕ್ಕೆ ಸರಿದು ಮಡಚಿಕೊಂಡಿತು. ನನ್ನ ಮೊಣಕೈ ನಡುಗುತ್ತಿತ್ತು, ಇಕ್ಕಳವೂ ಅದರ ಜೊತೆಗೆ, ಇಲಿಯ ಮೀಸೆಯೂ. ಎಷ್ಟು ಹೊತ್ತು ಹಾಗಿದ್ದೆವೋ. ಆಮೇಲೆ ಏನಾಯಿತು ಅಂತ ಕಣ್ಣಿಗೆ ಕಾಣಲೇ ಇಲ್ಲ, ಇಕ್ಕಳಕ್ಕೆ ಟಪ್ ಅಂತ ಒಂದು ಏಟು ಬಿತ್ತು, ನೋಡಿದರೆ ಇಲಿಯ ಸುತ್ತ ಎರಡು ಸುತ್ತು ಹಾವು.

ಸತ್ತ ಇಲಿಯನ್ನು ಹನ್ನೆರಡು ನಿಮಿಷ ಹಿಸುಕಿತು. ಸತ್ತಿದೆ ಕಣೋ ಅಂತ ಹೇಳಬೇಕು ಅನ್ನಿಸಿತು. ಆಮೇಲೆ ಸುರುಳಿ ಸಡಿಲ ಮಾಡಿ, ಮೂತಿಯಿಂದ ತಡವಿ ತಡವಿ ಇಲಿಯ ತಲೆ ಹುಡುಕಿತು, ಒಂದು ಸಲ ಬಾಲದ ಕಡೆ ಹೋಗಿ ವಾಪಸ್ ಬಂತು. ಬಾಯಿ ಅಗಲಿಸಿ ಎಡದವಡೆ, ಬಲದವಡೆ, ಒಂದಾದ ಮೇಲೊಂದು ಹೆಜ್ಜೆ ಇಟ್ಟ ಹಾಗೆ ಇಲಿಯ ಮೇಲೆ ನಡೆಯಿತು. ಬಾಲ ಒಂದು ನೂಡಲ್ಸ್ ಎಳೆಯ ಹಾಗೆ ಕೊನೆಗೆ ಒಳಗೆ ಹೋಯಿತು. ನಾನು ಮುಚ್ಚಳ ಮುಚ್ಚಿ ಹೊರಗೆ ಬಂದೆ. ತಂಗಿ ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದಳು. ಕೇಳಲಿಲ್ಲ, ನನ್ನ ಮುಖ ನೋಡಿದಳು.

"ಉಂಡೆ ಉಂಡಿತು" ಅಂದೆ.

ಆಮೇಲಿನದ್ದು ಬೇಗ ಹೇಳಿಬಿಡುತ್ತೇನೆ

ಊಟ ಆದ ಮೇಲೆ ಎರಡು ದಿನ ಪೂರ್ತಿ ಮುಟ್ಟಲಿಲ್ಲ. 45, 52, 59ನೇ ದಿನ 10 ಗ್ರಾಂನ ಒಂದೊಂದು ಇಲಿ, ಒಂದಕ್ಕೂ ಬೇಡ ಅನ್ನಲಿಲ್ಲ. 51ನೇ ದಿನ ಮೊದಲ ಹಿಕ್ಕೆ, ಅದನ್ನು ಡಬ್ಬಿಗೆ ಹಾಕಿ ಪರೀಕ್ಷೆಗೆ ಕೊಟ್ಟೆ, ಹುಳು ಇರಲಿಲ್ಲ. ಹೊಟ್ಟೆಯ ಕೆಂಪು ಮೂರು ವಾರದಲ್ಲಿ ತಿಳಿಯಾಯಿತು. 63ನೇ ದಿನ ಕಣ್ಣು ಮಂಜಾಯಿತು, ಈ ಸಲ ಊಟ ತೋರಿಸಲೇ ಇಲ್ಲ. 70ನೇ ದಿನ ಬೆಳಿಗ್ಗೆ ಗೂಡಿನ ಬಾಯಿಗೆ ಸಿಕ್ಕಿಕೊಂಡ ಒಂದೇ ಉದ್ದ ಪೊರೆ. ತಲೆಯ ಭಾಗ ನೆನೆಸಿ ಬೆಳಕಿಗೆ ಹಿಡಿದೆ. ಎಡಗಡೆ ಒಂದು ಬಟ್ಟಲು. ಬಲಗಡೆ ಸ್ವಲ್ಪ ದಪ್ಪ, ಎರಡು ಪದರ ಒಂದರ ಮೇಲೊಂದು.

80ನೇ ದಿನ 12 ಗ್ರಾಂನ ರ‍್ಯಾಟ್ ಮರಿ ಕೊಟ್ಟೆ, ಮುಟ್ಟಲಿಲ್ಲ. 87ನೇ ದಿನ ಅದೇ ಗಾತ್ರದ್ದನ್ನು ಮೌಸ್‌ಗಳ ಹಳೇ ಹಾಸಿನಲ್ಲಿ ಉರುಳಿಸಿ ವಾಸನೆ ಹತ್ತಿಸಿ ಕೊಟ್ಟೆ, ಹಿಡಿಯಿತು. ಬೆಳೆದಂತೆ ಮೌಸ್‌ನ ಗಾತ್ರ ಸಾಲದು, ಹಾಗಾಗಿ ಈ ಬದಲಾವಣೆ ಚಿಕ್ಕದಿರುವಾಗಲೇ ಮಾಡಿಕೊಂಡರೆ ಸುಲಭ. 90ನೇ ದಿನದ ತೂಕ 116.

ಯಾವುದರಿಂದ ಸರಿಹೋಯಿತು ಅಂತ ಕೇಳುತ್ತಾರೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಈ ಪ್ರಕರಣದಿಂದ ಅದನ್ನು ಬಿಡಿಸಿ ಹೇಳಲು ಆಗುವುದಿಲ್ಲ. ಶಾಖ, ತೇವ, ಗೂಡು, ಇಲಿಯ ಜಾತಿ, ಗಾತ್ರ, ಬಿಸಿ, ನನ್ನ ಕೈ, ಎಲ್ಲ ಒಂದೇ ವಾರದಲ್ಲಿ ಬದಲಾದವು. ಒಂದೊಂದಾಗಿ ಬದಲಾಯಿಸಿ ನೋಡಿದ್ದರೆ ಚೆನ್ನಾಗಿ ಗೊತ್ತಾಗುತ್ತಿತ್ತು, ಆದರೆ ದೊಡ್ಡ ಹಾವು ತಿಂಗಳುಗಟ್ಟಲೆ ಉಪವಾಸ ತಡೆದುಕೊಳ್ಳುತ್ತದೆ, 95 ಗ್ರಾಂ ಮರಿಯ ಹತ್ತಿರ ಅಷ್ಟು ಗಂಟು ಇರುವುದಿಲ್ಲ. ಪಂದ್ಯ ಕಟ್ಟು ಅಂದರೆ ನೆಲದ ಶಾಖ ಮತ್ತು ನನ್ನ ಕೈ ಈ ಎರಡರ ಮೇಲೆ ಕಟ್ಟುತ್ತೇನೆ. ಇಲಿಯ ಜಾತಿ ಮೂರನೆಯದು. ತೇವ ಪೊರೆಗೆ ಕಾರಣ ಇರಬಹುದು, ಉಪವಾಸಕ್ಕೆ ಅಷ್ಟಾಗಿ ಅಲ್ಲ.

ನಿಮ್ಮ ಮರಿಯೂ ತಿನ್ನುತ್ತಿಲ್ಲವಾ? ಬಾಯಿ ತೆರೆದು ಉಸಿರಾಡುತ್ತಿದ್ದರೆ, ಮೂಗಲ್ಲಿ ಗುಳ್ಳೆ ಬಂದರೆ, ಸಿಳ್ಳೆಯಂಥ ಸದ್ದು ಬಂದರೆ, ಇಲಿ ಕಕ್ಕಿದರೆ, ತೂಕ ವಾರವಾರ ಇಳಿಯುತ್ತಿದ್ದರೆ, ಇದನ್ನೆಲ್ಲ ಓದುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ. ಅದ್ಯಾವುದೂ ಇಲ್ಲದಿದ್ದರೆ ಮುಚ್ಚಳ ತೆಗೆದು ಹಾವು ಮಲಗಿದ ನೆಲ ಎಷ್ಟು ಡಿಗ್ರಿ ಇದೆ ನೋಡಿ. ನನ್ನ ಗುಂಡು ಮೀಟರನ್ನು ಕಿತ್ತೆ, ಅದರ ಅಂಟಿನ ಕಲೆ ಹಿಂದಿನ ಗಾಜಿನ ಮೇಲೆ ಹಾಗೇ ಉಳಿದಿದೆ.

ನಿನ್ನೆ 94ನೇ ದಿನ. ಊಟದ ದಿನ. ಇಲಿ 38 ಡಿಗ್ರಿ, ನೆಲ 32, ರೂಮು ಕತ್ತಲು. ಉಂಡೆ ಗೂಡಿನಿಂದ ಮೂತಿ ಹೊರಗೆ ಹಾಕಿತು, ನಾಲ್ಕು ಸಲ ನಾಲಿಗೆ ಆಡಿಸಿತು, ಒಳಗೆ ಹೋಯಿತು. ಹತ್ತು ನಿಮಿಷ ಕಾದೆ. ಇಲಿ ಬಿಸಾಡಿದೆ, ನೋಟ್‌ಬುಕ್ಕಲ್ಲಿ "ತಿಂದಿಲ್ಲ, ಮುಂದಿನ ವಾರ" ಅಂತ ಬರೆದೆ, ಕೈ ತೊಳೆದುಕೊಂಡು ಮಲಗಿದೆ.